ನೀರುಗಂಟಿ ತಾತನ ಬದುಕು ಬರೆಯಲು ಹೊರಟಿದ್ದೇನೆ, ನಿಮ್ಮ ಅಜ್ಜಂದಿರದ್ದೂ ಹೇಳಿ

ಕೋಡಿಕಟ್ಟೆ

ನಮ್ಮ ತಾತ ನೀರುಗಂಟಿ ಆಗಿದ್ದರು. ಊರು ಗೌರಿಬಿದನೂರು ತಾಲ್ಲೂಕು. ಆಗ ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ. ಅವರು ತೀರಿಕೊಂಡ ಮೇಲೆ, ಮನೆ ಮಕ್ಕಳು ಓದಲಿ ಅಂತ ಅವರ ಬದುಕನ್ನು ಒಂದು ಸಣ್ಣ ಪುಸ್ತಕ ಮಾಡೋಣ ಅಂದುಕೊಂಡೆ. ಬರೆಯಲು ಕೂತರೆ ಕಾಗದಪತ್ರ ಅನ್ನೋದು ಏನೂ ಇಲ್ಲ. ತಾತ ಹೆಬ್ಬೆಟ್ಟು. ಇರುವ ಫೋಟೋ ವೋಟರ್ ಕಾರ್ಡಿನದು ಒಂದೇ. ಅದರಲ್ಲಿ ಯಾರೋ ಬೈದು ಕೂರಿಸಿದ ಹಾಗೆ ಕೂತಿದ್ದಾರೆ.

ಈಗ ನೀರುಗಂಟಿ ಅಂದರೆ ಪಂಚಾಯ್ತಿ ನಲ್ಲಿಗೆ ನೀರು ಬಿಡುವವರು ಅಂತ ಎಲ್ಲರೂ ತಿಳಿಯುತ್ತಾರೆ. ತಾತನ ಕೆಲಸ ಕೆರೆಯದು. ತೂಬಿನ ಎರಡು ಕಲ್ಲುಕಂಬದ ನಡುವೆ ಉದ್ದನೆಯ ಮರದ ಗಳು ಇಳಿಬಿಟ್ಟಿರುತ್ತಿತ್ತು. ಅದರ ತುದಿಗೆ ಬಿರಡೆ. ಬಿರಡೆ ಎತ್ತಿದರೆ ನೀರು ಏರಿಯ ಅಡಿಯಿಂದ ಹಾದು ಕಾಲುವೆಗೆ ಬೀಳುತ್ತದೆ. ಹೂಳು ತುಂಬಿ ಬಿರಡೆ ಕಚ್ಚಿಕೊಂಡರೆ ಲಂಗೋಟಿಯಲ್ಲಿ ಇಳಿದು ಮುಳುಗು ಹಾಕಿ ಬಿಡಿಸಬೇಕು. ಚಳಿಗಾಲದ ಬೆಳಗಿನ ಜಾವದಲ್ಲೂ ಅಷ್ಟೇ. ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನೋದು ಅವರ ತಲೆಯಲ್ಲಿತ್ತು. ಹಗಲು ತಮ್ಮ ನೆರಳನ್ನೇ ಅಡಿಯಲ್ಲಿ ಅಳೆಯುತ್ತಿದ್ದರು, ರಾತ್ರಿ ನಕ್ಷತ್ರ ನೋಡುತ್ತಿದ್ದರು. ಕೆರೆ ಅರ್ಧ ತುಂಬಿದ ವರ್ಷ ಊರವರು ಅರಳಿಕಟ್ಟೆಯಲ್ಲಿ ಸೇರಿ, ತೂಬಿನ ಹತ್ತಿರದ ಗದ್ದೆಗಳನ್ನೇ ಎಲ್ಲರಿಗೂ ಇಷ್ಟಿಷ್ಟು ಗುಂಟೆ ಅಂತ ಹಂಚಿಕೊಂಡು ನಾಟಿ ಮಾಡುತ್ತಿದ್ದರು. ಕೊನೆಗದ್ದೆಯವನು ಉಪವಾಸ ಬೀಳಬಾರದು ಅಂತ. ಆ ಅಳತೆಗೂ ತಾತನೇ ನಿಲ್ಲಬೇಕು. ಗೌಡರೇ ಬಂದರೂ ತೂಬಿಗೆ ಕೈ ಹಾಕುವಂತಿರಲಿಲ್ಲ.

ಇನ್ನೊಂದು ಪಕ್ಕವೂ ಇದೆ. ನಮ್ಮದು ಊರಾಚೆಯ ಕೇರಿ. ಕೆರೆ ಕೆಳಗಿನ ಅಚ್ಚುಕಟ್ಟಿಗೆಲ್ಲ ನೀರು ಅಳೆದುಕೊಡುವವರು ಊರ ಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ. ಸುಗ್ಗಿಯಲ್ಲಿ ಆಯ, ಅಂದರೆ ಚಾಕರಿಗೆ ಕೊಡುವ ಕಾಳಿನ ಪಾಲು, ತರಲು ಕಣಕ್ಕೆ ಹೋದರೆ ದೂರದಲ್ಲಿ ನಿಂತು ಕಂಬಳಿ ಹಾಸಬೇಕಿತ್ತು. ಮೇಲಿನ ಕಾಳು ಗದ್ದೆಯವರ ಮನೆಗೆ, ತಳದ ಮಣ್ಣು ಬೆರೆತ ಕಾಳು ಇವರಿಗೆ.

ನನ್ನ ಚಿಕ್ಕಪ್ಪಂದಿರು "ಅದನ್ನೆಲ್ಲ ಯಾಕೆ ಕೆದಕುತ್ತೀಯ, ಒಳ್ಳೇದು ಮಾತ್ರ ಬರಿ" ಅಂತಾರೆ. ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದಿರಿ? ತಾತನ ವಯಸ್ಸು ಪತ್ತೆ ಮಾಡುವುದು ಹೇಗೆ? ಹಳೇ ದಾಖಲೆ ಏನಾದರೂ ಸಿಗುತ್ತಾ?

ಪಹಣಿಪುರಾಣ

ನಾನು ಗ್ರಾಮಲೆಕ್ಕಿಗನಾಗಿ ನಿವೃತ್ತ. ದಾಖಲೆ ಇಲ್ಲ ಅಂತ ಕೈ ಚೆಲ್ಲಬೇಡಿ ಅಮ್ಮ. ನೀರುಗಂಟಿ, ತೋಟಿ, ತಳವಾರರಿಗೆ ಚಾಕರಿಗೆ ಬದಲು ಇನಾಂ ಜಮೀನು ಇರುತ್ತಿತ್ತು. ಹುದ್ದೆ ರದ್ದಾದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ, ಜಾರಿಗೆ ಬಂದದ್ದು 1963ರಲ್ಲಿ. ಆ ಜಮೀನು ಸರ್ಕಾರಕ್ಕೆ ಸೇರಿ, ಮತ್ತೆ ಅದೇ ಮನೆಯವರಿಗೆ ರೀಗ್ರಾಂಟ್ ಆಗಬೇಕಿತ್ತು. ಆಗಿದ್ದರೆ ಆದೇಶದಲ್ಲಿ ನಿಮ್ಮ ತಾತನ ಹೆಸರು, ಅವರಪ್ಪನ ಹೆಸರು, ಸರ್ವೆ ನಂಬರು ಎಲ್ಲ ಇರುತ್ತದೆ. ವಂಶವೃಕ್ಷ ಕೂಡ ಹಾಕಿರಬಹುದು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ರಿಜಿಸ್ಟರು ಕೇಳಿ. ಕಂಪ್ಯೂಟರ್ ಪಹಣಿ ಬಂದದ್ದು ಈಚೆಗೆ, ಅದರಲ್ಲಿ ಹಿಂದಿನದು ಸಿಗಲ್ಲ. ಸರ್ವೆ ನಂಬರು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಗೊತ್ತಿಲ್ಲದಿದ್ದರೆ "ಆ ಹುಣಸೆಮರದ ಹೊಲ" ಅಂತ ಊರ ಹಿರಿಯರನ್ನು ಹಿಡಿದು, ಪಕ್ಕದ ಹೊಲದವರ ಪಹಣಿಯಿಂದ ಹುಡುಕಿ.

ವಯಸ್ಸಿಗೆ ಶಾಲೆ ದಾಖಲಾತಿ ನೋಡಿದರೆ ಪ್ರಯೋಜನ ಇಲ್ಲ. ನಮ್ಮ ಕಾಲದವರದ್ದೆಲ್ಲ ಜೂನ್ ಒಂದನೇ ತಾರೀಕೇ. ಮೇಷ್ಟ್ರು ಮುಖ ನೋಡಿ ಇಸವಿ ಹಾಕುತ್ತಿದ್ದರು. ಅದಕ್ಕಿಂತ ನಿಮ್ಮ ತಾತ ಯಾವ ಘಟನೆ ನೆನೆಸಿಕೊಳ್ಳುತ್ತಿದ್ದರು ಅಂತ ಯೋಚಿಸಿ.

ಕೋಡಿಕಟ್ಟೆ

ಥ್ಯಾಂಕ್ಸ್ ಸರ್. ಘಟನೆ ಅಂದರೆ, ನಮ್ಮ ತಾಲ್ಲೂಕಿನ ವಿದುರಾಶ್ವತ್ಥದ ಗೋಲಿಬಾರು ಆದಾಗ ತಾವು ಕರು ಮೇಯಿಸುತ್ತಿದ್ದೆ ಅನ್ನುತ್ತಿದ್ದರು. ಓಡಿ ಬಂದವರನ್ನು ನೋಡಿದ್ದರಂತೆ. ಹುಟ್ಟಿದ್ದು ಆರಿದ್ರೆ ಮಳೆಯಲ್ಲಿ ಅಂತ ಅವರಮ್ಮ ಹೇಳುತ್ತಿದ್ದರಂತೆ.

ಪಹಣಿಪುರಾಣ

ಸಿಕ್ಕಿತಲ್ಲ ಮತ್ತೆ! ಗೋಲಿಬಾರು 1938ರ ಏಪ್ರಿಲ್ 25. ಧ್ವಜ ಸತ್ಯಾಗ್ರಹದ ಕಾಲ. ಕರು ಮೇಯಿಸುವ ಹುಡುಗ ಅಂದರೆ ಎಂಟರಿಂದ ಹನ್ನೆರಡರ ಒಳಗೆ. ದನ ಮೇಯಿಸುತ್ತಿದ್ದೆ ಅಂದಿದ್ದರೆ ಇನ್ನೂ ದೊಡ್ಡವರು ಅಂತ ಲೆಕ್ಕ. ಆರಿದ್ರೆ ಮಳೆ ಜೂನ್ 22ರ ಹೊತ್ತಿಗೆ ಹಿಡಿದು ಜುಲೈ ಮೊದಲ ವಾರದವರೆಗೆ. ಒಂದೊಂದು ಮಳೆ ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನ ಬರುತ್ತೆ. ಅಲ್ಲಿಗೆ 1926ರಿಂದ 1929ರ ಒಳಗೆ ಒಂದು ಜೂನ್ ಕೊನೆ. ಮೇಷ್ಟ್ರು ಹಾಕಿದ ಜೂನ್ ಒಂದಕ್ಕಿಂತ ಇದು ಎಷ್ಟೋ ವಾಸಿ.

ಇದೇ ರೀತಿ ಮದುವೆ, ಮಕ್ಕಳ ಹುಟ್ಟು ಎಲ್ಲ ಹಿಡಿಯಬಹುದು. ನಯಾಪೈಸೆ ಬಂದ ವರ್ಷ ಅಂದರೆ 1957. ಗಾಂಧಿ ನಂದಿ ಬೆಟ್ಟದಲ್ಲಿ ಉಳಿದದ್ದು 1927ರಲ್ಲಿ ಒಂದು ಸಲ, 1936ರಲ್ಲಿ ಇನ್ನೊಂದು ಸಲ. ಯಾವ ಸಲ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ಅಜ್ಜಿಗೆ ಒಂಬತ್ತು ವರ್ಷ ಜಾಸ್ತಿ ಆಗಿಬಿಡುತ್ತೆ.

ಬೆಂಗಳೂರಲ್ಲಿ ಬೇರು

ಓದಿ ಕಣ್ಣು ತುಂಬಿ ಬಂತು ಅಕ್ಕ. ನಮ್ಮ ತಾತನದು ತುಮಕೂರು ಕಡೆ, ರಾಗಿ ಬೇಸಾಯ. ಕಣಕ್ಕೆ ಸಗಣಿ ಸಾರಿಸಿ, ಮೆದೆ ಕೆಡವಿ, ರೋಣಗಲ್ಲು ಹೊಡೆದು, ತೂರಿ, ರಾಶಿ ಮಾಡಿ ಪೂಜೆ ಮಾಡುವವರೆಗೆ ಯಾರೂ ಮನೆಯಲ್ಲಿ ಮಲಗುತ್ತಿರಲಿಲ್ಲ. ರಾಶಿ ಅಳೆಯುವಾಗ ಮಾತಾಡುವಂತಿಲ್ಲ. ಕೊಳಗ ಅಂದರೆ ಕಾಳು ಅಳೆಯುವ ಪಾತ್ರೆ; ಮೊದಲ ಕೊಳಗಕ್ಕೆ ಒಂದು ಅನ್ನದೆ "ಲಾಭ" ಅನ್ನುತ್ತಿದ್ದರು.

ಆಮೇಲೆ ಹಗೇವು. ನೆಲದೊಳಗೆ ಕೊಡದ ಆಕಾರದಲ್ಲಿ ಗುಂಡಿ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆಯುವಾಗ ಬಾಯಿ ಬಿಚ್ಚಿ ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ. ಆರದಿದ್ದರೆ ಮಾತ್ರ ಇಳಿಯೋದು. ಯಾವ ವಿಜ್ಞಾನಿ ಹೇಳಿಕೊಟ್ಟಿದ್ದು ಹೇಳಿ?

ಕಮ್ಮಾರ, ಬಡಗಿ, ಅಗಸ, ನೀರುಗಂಟಿ ಎಲ್ಲರಿಗೂ ಕಣದಲ್ಲೇ ಪಾಲು. ದುಡ್ಡಿನ ಮುಖ ನೋಡದೆ ಊರೆಲ್ಲ ಒಂದೇ ಮನೆಯ ಹಾಗೆ ಬದುಕಿದರು. ನಿಮ್ಮ ಚಿಕ್ಕಪ್ಪಂದಿರು ಹೇಳುವುದೇ ಸರಿ ಅನ್ನಿಸುತ್ತೆ. ಮಕ್ಕಳಿಗೆ ಆ ಸೊಗಸು ಸಿಗಲಿ, ಕಹಿ ಯಾಕೆ?

ಸಾಗರದ ಹಿನ್ನೀರು

@ಬೆಂಗಳೂರಲ್ಲಿ ಬೇರು, ಹಗೇವಿನ ವಿವರ ಚೆನ್ನಾಗಿದೆ. ಒಂದೇ ಒಂದು ಕೇಳಬೇಕು. ದೀಪ ಇಳಿಸಿ ನೋಡಿದ ಮೇಲೆ ಒಳಗೆ ಇಳಿಯುತ್ತಿದ್ದವರು ಯಾರು? ನಿಮ್ಮ ತಾತನಾ, ಆಳಾ?

ಜಗಳಕ್ಕಲ್ಲ. ನಮ್ಮ ಅಜ್ಜಯ್ಯ ಗೇಣಿ ರೈತ, ಅದಕ್ಕೇ ಈ ಪ್ರಶ್ನೆ ಮೊದಲು ಬರುತ್ತೆ. ನೀವು ಕೊಳಗ ಅಂದಿರಲ್ಲ, ನಮ್ಮ ಕಡೆ ಕೊಳಗಕ್ಕೇ ಹೊಡೆದಾಟ ಆಗಿದೆ. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ಒಂದು, ಅದು ದೊಡ್ಡದು. ಕೊಡುವಾಗಿನ ಕೊಳಗ ಸಣ್ಣದು. 1951ರಲ್ಲಿ ಸಾಗರದ ಕಡೆ ಗೇಣಿ ರೈತರು ಒಡೆಯರ ವಿರುದ್ಧ ಎದ್ದ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದರಲ್ಲಿ ಈ ಅಳತೆಯ ತಕರಾರೂ ಇತ್ತು. ಸಮಾಜವಾದಿ ನಾಯಕ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು, ಅದೆಲ್ಲ ಎಲ್ಲರಿಗೂ ಗೊತ್ತಿರುವ ಕತೆ.

ನಮ್ಮಜ್ಜಯ್ಯ ಕಾಗೋಡಿನವರಲ್ಲ, ಜೈಲಿಗೂ ಹೋಗಲಿಲ್ಲ. ಆದರೆ ಆ ಸುದ್ದಿ ಕೇಳಿದ ವರ್ಷ ಗೇಣಿ ಅಳೆಯುವಾಗ ಒಂದು ಮಾತು ಆಡಿದರಂತೆ. ಕೊಳಗದ ಮೇಲೆ ಭತ್ತ ಗೋಪುರ ಮಾಡಿ ಅಳೆಯುವುದು ವಾಡಿಕೆ. ಇವರು ಕಂಕುಳಲ್ಲಿ ಒಂದು ಅಡ್ಡಕೋಲು ಇಟ್ಟುಕೊಂಡು ಹೋಗಿ, "ಒಡೆಯಾ, ಈ ಸಲ ಕೋಲು ಎಳೆದು ಅಳೀತೇನೆ" ಅಂದರಂತೆ. ಗೋಪುರ ಕೆಳಗೆ ಬಿತ್ತು. ಬಿದ್ದ ಭತ್ತವನ್ನು ಯಾರೂ ಮುಟ್ಟಲಿಲ್ಲವಂತೆ, ಕೋಳಿ ತಿಂದವಂತೆ. ಅಜ್ಜಯ್ಯನ ಬದುಕಿನಲ್ಲಿ ದೊಡ್ಡ ಕೆಲಸ ಯಾವುದು ಅಂದರೆ ನಮ್ಮ ಮನೆಯಲ್ಲಿ ಇದನ್ನೇ ಹೇಳುತ್ತಾರೆ. ಕಹಿ ಬಿಟ್ಟರೆ ಈ ಕತೆಯೇ ಇಲ್ಲ.

ಬೆಂಗಳೂರಲ್ಲಿ ಬೇರು

ಆಳು. ಇಳಿಯುತ್ತಿದ್ದವರು ಆಳು.

ಅವರ ಹೆಸರು ಅಮ್ಮನಿಗೆ ಗೊತ್ತಿದೆ, ಕೇಳಿ ಬರೆದಿಡುತ್ತೇನೆ. ಆದರೂ ನಮ್ಮ ತಾತ ಕೆಟ್ಟವರಾಗಿರಲಿಲ್ಲ ಅನ್ನುವುದನ್ನೂ ಬರೆಯುತ್ತೇನೆ.

ಅಂಗಳದ ತುಳಸಿ

ಕಾರ್ಕಳ ಕಡೆಯವಳು. ಭೂಮಿ ಕೊಟ್ಟ ಪಕ್ಕದ ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ನಮ್ಮ ಅಜ್ಜ ಬೇಗ ಹೋದರು. ಅಜ್ಜಿಗೆ ಮಕ್ಕಳು ಸಣ್ಣವು, ಉಳಲು ಯಾರೂ ಇಲ್ಲ, ಅದಕ್ಕೆ ಗದ್ದೆಯನ್ನು ಚಾಲಗೇಣಿಗೆ (ಕಾಯಂ ಹಕ್ಕಿಲ್ಲದ ಗೇಣಿಗೆ) ಕೊಟ್ಟಿದ್ದರು. ಉಳುವವನಿಗೇ ಭೂಮಿ ಅನ್ನುವ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಬಂತು. ಒಕ್ಕಲಿನವರು ಡಿಕ್ಲರೇಶನ್ ಹಾಕಿದರು. ನ್ಯಾಯಮಂಡಳಿಯಲ್ಲಿ ಗದ್ದೆ ಹೋಯಿತು. ಸಾವಿರ ಎಕರೆ ಜಮೀನ್ದಾರರೂ ನಮ್ಮಜ್ಜಿಯೂ ಕಾಯ್ದೆಗೆ ಒಂದೇ.

ಆ ತಿದ್ದುಪಡಿ ತಂದ ಮುಖ್ಯಮಂತ್ರಿ ದೇವರಾಜ ಅರಸು ಅವರ ಹೆಸರು ಎತ್ತಿದರೆ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದರು. ಆದರೆ ಗದ್ದೆ ಪಡೆದ ಮನೆಯ ಹುಡುಗಿ ಟೀಚರ್ ಆದಾಗ ಅವಳಿಗೆ ಸೀರೆ ಕೊಟ್ಟವರೂ ಅವರೇ. ನಾನು ಬರೆದರೆ ಎರಡನ್ನೂ ಬರೆಯಬೇಕಲ್ಲ? ಒಂದನ್ನು ಬಿಟ್ಟರೆ ಅಜ್ಜಿ ಅರ್ಧ ಆಗುತ್ತಾರೆ.

ಸಾಗರದ ಹಿನ್ನೀರು

@ಅಂಗಳದ ತುಳಸಿ, ಬೇಸರ ಯಾಕೆ ಅಕ್ಕ. ವಿಧವೆಯರು, ಚಿಕ್ಕ ಹಿಡುವಳಿಯವರು ಕಳೆದುಕೊಂಡದ್ದು ನಿಜ. ನಮ್ಮಲ್ಲೂ ಅಂಥ ಮನೆ ಇದೆ. ಅಜ್ಜಯ್ಯನೂ ನಮೂನೆ 7, ಅಂದರೆ ಉಳುವ ಭೂಮಿ ತನ್ನದಾಗಲಿ ಅಂತ ಗೇಣಿದಾರ ಕೊಡುವ ಅರ್ಜಿ, ಹಾಕಿದವರೇ. ಹಾಕಲು ಕೊನೇ ದಿನ 1979ರ ಜೂನ್ 30ರವರೆಗೂ ಮುಂದಕ್ಕೆ ಹೋಗಿತ್ತು, ಆದರೂ ನಮ್ಮ ಪಕ್ಕದ ಮನೆಯವರು ಹೆದರಿ ಹಾಕಲೇ ಇಲ್ಲ. ಒಡೆಯರ ಮನೆಯಲ್ಲಿ ಊಟ ಮಾಡಿದ್ದೇವೆ, ಅವರ ಮೇಲೆ ಹೇಗೆ ಅರ್ಜಿ ಕೊಡೋದು ಅಂತ. ಅವರ ಮೊಮ್ಮಕ್ಕಳು ಇವತ್ತಿಗೂ ಕೂಲಿಗೆ ಹೋಗುತ್ತಾರೆ. ಅಂಥ ಅಜ್ಜನ ಬಗ್ಗೆ ಯಾರು ಬರೆಯಬೇಕು?

ಪಹಣಿಪುರಾಣ

ಮಧ್ಯೆ ಬಾಯಿ ಹಾಕುತ್ತೇನೆ. ನಮೂನೆ 7ರ ಕಡತ ಸಿಕ್ಕರೆ ಬಿಡಬೇಡಿ. ಅದರಲ್ಲಿ ಎರಡೂ ಕಡೆಯವರ ಹೇಳಿಕೆ ಇರುತ್ತದೆ. ಓದು ಬಾರದ ಅಜ್ಜಂದಿರ ಮಾತು ಕಾಗದಕ್ಕೆ ಇಳಿದದ್ದು ಬಹಳ ಮನೆಗಳಲ್ಲಿ ಆ ಒಂದೇ ಸಲ. "ನಾನು ನನ್ನ ತಂದೆ ಕಾಲದಿಂದ ಉಳುತ್ತಿದ್ದೇನೆ, ಗೇಣಿ ಇಷ್ಟು ಖಂಡುಗ ಕೊಡುತ್ತಿದ್ದೆ, ರಸೀದಿ ಕೊಡುತ್ತಿರಲಿಲ್ಲ" ಅನ್ನುವ ಥರ. ಗುಮಾಸ್ತರ ಭಾಷೆ, ಆದರೆ ಒಳಗಿನ ಲೆಕ್ಕ ಅಜ್ಜನದ್ದೇ. ಕೆಳಗೆ ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಪುಟವನ್ನೇ ಪುಸ್ತಕದಲ್ಲಿ ಹಾಕಿ.

ಕೋಡಿಕಟ್ಟೆ ಅವರ ಕಣದ ಪಾಲಿನ ವಿಷಯಕ್ಕೂ ಒಂದು ಮಾತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ರಾಶಿಯಿಂದ ದೇವರಿಗೆ ಎಷ್ಟು, ಗೌಡರಿಗೆ ಎಷ್ಟು, ಶಾನುಭೋಗರಿಗೆ ಎಷ್ಟು, ಊರ ಚಾಕರರಿಗೆ ಎಷ್ಟು ಅಂತ ಬರೆದಿಟ್ಟಿದ್ದಾನೆ. ಅದನ್ನೂ ನಿಮ್ಮ ತಾತ ಹೇಳಿದ್ದನ್ನೂ ಅಕ್ಕಪಕ್ಕ ಇಡಿ. ನೂರೈವತ್ತು ವರ್ಷದಲ್ಲಿ ಏನು ಬದಲಾಯಿತು ಅಂತ ಓದುವವರಿಗೇ ಗೊತ್ತಾಗುತ್ತೆ, ನೀವು ಕಾಮೆಂಟು ಹಾಕುವ ಅಗತ್ಯ ಇಲ್ಲ.

ಎರೆಹೊಲ

ನಮ್ಮದು ಬಾಗಲಕೋಟೆ ಕಡೆ, ಮುಳುಗಡೆ ಊರು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ನೀವೆಲ್ಲ ರೆಕಾರ್ಡ್ ರೂಮು ಅನ್ನುತ್ತೀರಿ, ನಮ್ಮ ಮುತ್ಯಾನ ಊರೇ ಇಲ್ಲ!

ಮುತ್ಯಾ ಬಿಳಿಜೋಳದ ಒಕ್ಕಲಿಗ. ಮಾಲದಂಡಿ ಜೋಳ. ನಮ್ಮ ಎರೆ ನೆಲದಲ್ಲಿ ಹಿಂಗಾರಿಗೆ ಬಿತ್ತಿದರೆ ಮಳೆ ಇಲ್ಲದಿದ್ದರೂ ನೆಲದ ಹಸಿಯಲ್ಲೇ ಬೆಳೆಯುತ್ತೆ. ಬಿತ್ತುವ ಮೊದಲು ಮಣ್ಣಿನ ಒಂದು ಹೆಂಟೆ ಎತ್ತಿ ಮುಷ್ಟಿಯಲ್ಲಿ ಹಿಚುಕಿ ಕೆಳಗೆ ಬಿಡುತ್ತಿದ್ದ. ಉಂಡೆಯಾಗಿ ಬಿದ್ದರೆ ಇನ್ನೂ ತಡಿ, ಎರಡು ಹೋಳಾದರೆ ಬಿತ್ತುವ ಕೂರಿಗೆ ಹೂಡು. ನಾನು ಕೃಷಿ ಡಿಗ್ರಿ ಓದಿದವನು. ತೇವಾಂಶದ ಪಾಠದಲ್ಲಿ ಇದೇ ಬಂದಾಗ ಕ್ಲಾಸಿನಲ್ಲಿ ನಗು ಬಂದಿತ್ತು.

ಎಳ್ಳಮವಾಸಿ ಬಂದರೆ ಬಂಡಿ ಕಟ್ಟಿ ಹೊಲಕ್ಕೆ. ಸಜ್ಜಿ ಕಡಬು, ಎಣ್ಣೆಗಾಯಿ, ಪುಂಡಿ ಪಲ್ಯ. ಮುತ್ಯಾ ಹೊಲದ ನಾಲ್ಕೂ ಮೂಲೆಗೆ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಬರುವವರೆಗೆ ನಾವು ಎಲೆ ಮುಂದೆ ಕೂತು ಜೊಲ್ಲು ಸುರಿಸೋದು.

ಊರು ಬಿಡುವಾಗ ಮಂದಿ ಮನೆಯ ಬಾಗಿಲು, ತೊಲೆ, ಜಂತಿ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿದರು. ಪುನರ್ವಸತಿ ಕೇಂದ್ರದಲ್ಲಿ ಕೊಟ್ಟ ಜಾಗಕ್ಕೆ ಆ ತೊಲೆ ಉದ್ದ ಆಗುತ್ತಿತ್ತು. ಅಪ್ಪ ಕತ್ತರಿಸೋಣ ಅಂದ. ಮುತ್ಯಾ "ತೊಲಿ ಕಡೀಬ್ಯಾಡ, ಗ್ವಾಡಿ ಹೊರಗ ಬಿಡು" ಅಂದ. ಇವತ್ತಿಗೂ ನಮ್ಮ ಮನೆ ಗೋಡೆಯಿಂದ ತೊಲೆ ಎರಡು ಮೊಳ ಹೊರಗೆ ಚಾಚಿದೆ. ಬಂದವರೆಲ್ಲ ಇಂಜಿನಿಯರು ಯಾರು ಅಂತ ಕೇಳುತ್ತಾರೆ. ಒಗೆದ ಬಟ್ಟೆ ಹಾಕಲು ಚಲೋ ಆಗಿದೆ.

ಪರಿಹಾರದ ರೊಕ್ಕ ಬಂತು, ಹೊಲ ಬರಲಿಲ್ಲ. ಹೊಲ ಇಲ್ಲದ ಮೇಲೆ ಮುತ್ಯಾ ಎತ್ತು ಮಾರಿದ. ಆಮೇಲೆ ಅವನಿಗೆ ಮಾಡಲು ಏನೂ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದ. ನಾನು ಬರೆಯುವುದಾದರೆ ಅವನ ಆ ಕೊನೆಯ ವರ್ಷಗಳನ್ನೇ ಜಾಸ್ತಿ ಬರೆಯುತ್ತೇನೆ. ಅಜ್ಜನ ಬಗ್ಗೆ ಬರೆಯುವವರೆಲ್ಲ ಎತ್ತು, ಗಾಡಿ, ಸುಗ್ಗಿಗೆ ನಿಲ್ಲಿಸಿಬಿಡುತ್ತಾರೆ. ಕೆಲಸ ಕೈತಪ್ಪಿದ ಮೇಲೂ ಅವರು ಹತ್ತಿಪ್ಪತ್ತು ವರ್ಷ ಬದುಕಿದ್ದರು ಅಲ್ವಾ?

ಹಿತ್ತಲಗಿಡ

ಇಷ್ಟೂ ಓದಿದೆ. ಅಜ್ಜ, ತಾತ, ಮುತ್ಯಾ, ಅಜ್ಜಯ್ಯ. ತುಳಸಿ ಅಕ್ಕ ಒಬ್ಬರು ಬಿಟ್ಟರೆ ಅಜ್ಜಿ ಎಲ್ಲಿ?

ಕೋಡಿಕಟ್ಟೆ, ನಿಮ್ಮ ತಾತ ರಾತ್ರಿ ಏರಿ ಮೇಲಿದ್ದರೆ ಮನೆಯಲ್ಲಿ ಏನು ನಡೆಯುತ್ತಿತ್ತು? ಆ ಮಣ್ಣು ಬೆರೆತ ಕಾಳನ್ನು ಕೇರಿ, ಜಾಲಿಸಿ, ಕಲ್ಲು ಆರಿಸಿದ್ದು ಯಾರು? ಎರೆಹೊಲದವರೇ, ಕೂರಿಗೆ ಹೊಡೆದವರು ಮುತ್ಯಾ ಸರಿ. ಹಿಂದೆ ಬಟ್ಟಲಿಗೆ ಕಾಳು ಬಿಟ್ಟವರು ಯಾರು? ನಮ್ಮ ಹಾಸನದ ಕಡೆ ರಾಗಿ ಸಾಲಿನ ಜೊತೆ ಅಕ್ಕಡಿಗೆ ಅವರೆ, ತೊಗರಿ, ಹುಚ್ಚೆಳ್ಳು ಬಿಡುವ ಸಡ್ಡೆ (ಬೀಜ ಬಿಡುವ ಕೊಳವೆ) ಹಿಡಿಯುತ್ತಿದ್ದವರು ಹೆಂಗಸರೇ. ಕೈ ಸ್ವಲ್ಪ ಹೆಚ್ಚುಕಮ್ಮಿ ಆದರೆ ಸಾಲು ಕೆಟ್ಟಂತೆ. ಬೀಜ ಆರಿಸಿ, ಬೂದಿ ಹಚ್ಚಿ, ಮಡಕೆಯಲ್ಲಿ ಎತ್ತಿಡುತ್ತಿದ್ದವರೂ ಅವರೇ.

ಎರೆಹೊಲ

ಕಾಳು ಬಿಡುತ್ತಿದ್ದವಳು ಆಯಿ. ಉಡಿಯಲ್ಲಿ ಜೋಳ ಕಟ್ಟಿಕೊಂಡು ಕೂರಿಗೆ ಹಿಂದೆ ಇಡೀ ದಿನ ನಡೆಯುತ್ತಿದ್ದಳು. ಸರಿಯಾಗಿ ಹೇಳಿದಿರಿ, ಇದು ನನ್ನ ಬರಹದಲ್ಲಿ ಇರಲೇಬೇಕು.

ಕೋಡಿಕಟ್ಟೆ

@ಹಿತ್ತಲಗಿಡ, ಅವ್ವ ಅಂದರೆ ನಮ್ಮ ಅಜ್ಜಿ. ಅವರು ಇನ್ನೂ ಇದ್ದಾರೆ. ಆಯ ಕಮ್ಮಿ ಕೊಟ್ಟವರ ಮನೆ ಮುಂದೆ ಹೋಗಿ ನಿಂತು ಕೇಳುತ್ತಿದ್ದವರು ಅವರೇ. ತಾತ ಕೇಳುತ್ತಿರಲಿಲ್ಲ. "ನಾಳೆ ಅವನ ಗದ್ದೆಗೆ ನೀರು ಬಿಡಬೇಕು, ಜಗಳ ಆಡಿದರೆ ಕೈ ಸರಿ ಬರಲ್ಲ" ಅನ್ನುತ್ತಿದ್ದರಂತೆ. ಅವ್ವನಿಗೆ ಆ ಮಾತು ಇವತ್ತಿಗೂ ಸಿಟ್ಟು. ತಾತ ಎಲ್ಲರಿಗೂ ಒಳ್ಳೆಯವರಾದರು, ಕೆಟ್ಟವಳಾಗುವ ಕೆಲಸ ನನ್ನ ಪಾಲಿಗೆ ಬಂತು ಅಂತ.

@ಎರೆಹೊಲ, ನಿಮ್ಮ ಕೊನೆಯ ಮಾತು ನನಗೆ ತಟ್ಟಿತು. ನಮ್ಮಲ್ಲಿ ಹುದ್ದೆ ಹೋದದ್ದು 1963ರಲ್ಲಿ, ಆದರೆ ಕೆಲಸ ನಿಲ್ಲಲಿಲ್ಲ. ಕಾಯ್ದೆಗೆ ಗೊತ್ತಾಗದ ಹಾಗೆ ತಾತ ತೂಬು ಎತ್ತುತ್ತಲೇ ಇದ್ದರು, ಕೆಲವರು ಆಯ ಕೊಡುತ್ತಲೇ ಇದ್ದರು. ಕೆಲಸ ನಿಲ್ಲಿಸಿದ್ದು ಬೋರ್‌ವೆಲ್. ಒಬ್ಬೊಬ್ಬರೇ ಗದ್ದೆಯಲ್ಲಿ ಬೋರು ಕೊರೆಸಿದರು. ಸ್ವಂತ ನೀರು ಬಂದ ಮೇಲೆ ಕೆರೆಯ ನೀರಿಗೆ ಸರದಿ ನಿಲ್ಲುವವರು ಯಾರು? ಕಾಲುವೆಯ ಹೂಳು ತೆಗೆಯಲು ಮನೆಗೊಂದು ಆಳು ಬರುವುದು ನಿಂತಿತು. ಕೆರೆಗೆ ನೀರು ತರುವ ರಾಜಕಾಲುವೆಯ ಮೇಲೆ ನೀಲಗಿರಿ ಬಂತು. ಆಮೇಲೆ ಕೆರೆಯೇ ತುಂಬಲಿಲ್ಲ. ತುಂಬದ ಕೆರೆಗೆ ನೀರುಗಂಟಿ ಯಾಕೆ? ಇಷ್ಟಾದರೂ ತಾತ ಬೇಸಿಗೆಯಲ್ಲಿ ಏರಿ ಮೇಲೆ ಹೋಗಿ ಗಿಡ ಕೀಳುತ್ತಿದ್ದರು. ಬೇರು ಇಳಿದರೆ ಏರಿ ಸೀಳುತ್ತೆ ಅಂತ. ಊರ ಹುಡುಗರು ನಗುತ್ತಿದ್ದರು.

2021ರ ನವೆಂಬರ್ ಮಳೆ ನಿಮಗೆ ನೆನಪಿರಬಹುದು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ತಾತ ಆಗ ಹಾಸಿಗೆ ಹಿಡಿದಿದ್ದರು, ಕಿವಿಯೂ ಮಂದ. ಚಿಕ್ಕಪ್ಪ ಕಿವಿ ಹತ್ತಿರ ಹೋಗಿ ಕೋಡಿ ಬಿತ್ತು ಅಂದರು. ತಾತ ಕೇಳಿದ್ದು ಒಂದೇ: "ಎಷ್ಟು ಹರೀತಿದೆ? ಹರಡಾ, ಮೀನಖಂಡಾನಾ?" ಅಂದರೆ ನೀರು ಪಾದದ ಗಂಟಿನವರೆಗಾ, ಮೊಣಕಾಲ ಕೆಳಗಿನ ಮೀನಖಂಡದವರೆಗಾ ಅಂತ. ಮೀನಖಂಡ ದಾಟಿದೆ ಅಂದರು. ಹಾಗಾದರೆ ಏರಿ ಹಿಂದಿನ ಕೆಳಮಗ್ಗುಲಲ್ಲಿ ನಡೆದು ನೋಡಿ, ನೀರು ಜಿನುಗುತ್ತಿದ್ದರೆ ಬಣ್ಣ ನೋಡಿ ಅಂದರು. ತಿಳಿಯಾಗಿದ್ದರೆ ಹೆದರಬೇಡಿ, ಕದಡಿ ಬಂದರೆ ಒಳ್ಳೆಯದಲ್ಲ, ಏರಿಯ ಮಣ್ಣು ಕೊಚ್ಚಿ ಬರುತ್ತಿದೆ ಅಂತ.

ಹುಡುಗರು ಟಾರ್ಚು ಹಿಡಿದು ಹೋದರು. ಹಳೇ ತೂಬಿನ ಬಲಕ್ಕೆ ಒಂದು ಕಡೆ ಕೆಂಪಗೆ ಕದಡಿ ಬರುತ್ತಿತ್ತು. ಏಡಿ ಬಿಲ ದೊಡ್ಡದಾಗಿತ್ತು. ಮರಳು ಚೀಲ ಹಾಕುವುದಾ ಅಂತ ಫೋನ್ ಮಾಡಿದರೆ, ಒತ್ತಿ ಮುಚ್ಚಬೇಡಿ, ನೀರು ಬೇರೆ ಕಡೆ ದಾರಿ ಮಾಡುತ್ತೆ, ಮೊದಲು ದಪ್ಪ ಮರಳು, ಅದರ ಮೇಲೆ ಜಲ್ಲಿ ಹಾಕಿ ಭಾರ ಕೊಡಿ, ನೀರು ಬರಲಿ ಮಣ್ಣು ಬರದಿರಲಿ ಅಂತ ಹೇಳಿಸಿದರು. ಬೆಳಗಾಗುವ ಹೊತ್ತಿಗೆ ತಿಳಿ ನೀರು ಬರಲು ಶುರುವಾಯಿತು. ಆಮೇಲೆ ಬಂದ ಇಂಜಿನಿಯರೊಬ್ಬರು ನೋಡಿ, ಇದನ್ನು ಯಾರು ಮಾಡಿಸಿದ್ದು ಅಂತ ಕೇಳಿದರಂತೆ. ಊರವರು "ನೀರುಗಂಟಿ" ಅಂದರಂತೆ. ಆ ಹೆಸರಿನಲ್ಲಿ ಅವರನ್ನು ಕರೆದು ಎಷ್ಟೋ ಕಾಲ ಆಗಿತ್ತು.

ಚಿಕ್ಕಪ್ಪಂದಿರಿಗೆ ಇವತ್ತು ಸಾಗರದವರ ಕೊಳಗದ ಕತೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ ದೊಡ್ಡ ಚಿಕ್ಕಪ್ಪ, "ಬಾವಿ ಹಗ್ಗದ್ದು ಬರಿ. ಹೊಡೆದವರ ಹೆಸರು ಹಾಕಬೇಡ, ಅವರ ಮಕ್ಕಳು ನಮ್ಮ ಜೊತೆ ಚೆನ್ನಾಗಿದ್ದಾರೆ" ಅಂದರು. ಹೊಡೆದಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಅಂಗಳದ ತುಳಸಿ

ಹೆಸರು ಹಾಕುವ ವಿಷಯದಲ್ಲಿ ನಿಮ್ಮ ಚಿಕ್ಕಪ್ಪ ಹೇಳಿದ್ದು ನನಗೆ ಒಪ್ಪಿಗೆ.

ಸಾಗರದ ಹಿನ್ನೀರು

ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಅದು ಅವರ ಮನೆಯ ತೀರ್ಮಾನ. ಮನೆಯಲ್ಲಿಡುವ ಪ್ರತಿಯಲ್ಲಾದರೂ ಹೆಸರು ಇರಲಿ. ಅಚ್ಚು ಹಾಕಿಸಿ ಹಂಚುವುದರಲ್ಲಿ ಬೇಡ.

ಪಹಣಿಪುರಾಣ

ಅವ್ವ ಇದ್ದಾರೆ ಅಂದಿರಲ್ಲ, ರೆಕಾರ್ಡ್ ರೂಮು ಆಮೇಲೆ ನೋಡಿದರಾಯಿತು. ಕಡತ ಎಲ್ಲೂ ಓಡಿಹೋಗಲ್ಲ. ಮೊದಲು ಅವರನ್ನು ಕೂರಿಸಿ ಮಾತಾಡಿಸಿ.

ಕೋಡಿಕಟ್ಟೆ

ಈ ಭಾನುವಾರ ಹೋಗುತ್ತಿದ್ದೇನೆ. ಆದರೆ "ಅವ್ವಾ, ತಾತನ ಬಗ್ಗೆ ಹೇಳು" ಅಂದರೆ "ಏನಿದೆ ಹೇಳೋಕೆ, ಒಳ್ಳೆಯವರು" ಅಂತ ಮುಗಿಸುತ್ತಾರೆ. ಹೇಗೆ ಕೇಳಲಿ?

ಹಿತ್ತಲಗಿಡ

ತಾತನ ಬಗ್ಗೆ ಕೇಳಲೇಬೇಡಿ. ಮದುವೆಯಾಗಿ ಬಂದ ಮೊದಲ ದಿನ ಏನು ಅಡುಗೆ ಇತ್ತು ಅಂತ ಕೇಳಿ. ಯಾವ ಮನೆಯವರು ಆಯ ಸರಿಯಾಗಿ ಕೊಡುತ್ತಿದ್ದರು, ಯಾರು ಸತಾಯಿಸುತ್ತಿದ್ದರು ಕೇಳಿ, ಸಿಟ್ಟು ಬಂದರೆ ಮಾತು ತಾನಾಗಿ ಬರುತ್ತೆ. ಕಂಬಳಿ, ಲಾಂದ್ರ, ಗುದ್ದಲಿ ಏನಾದರೂ ಉಳಿದಿದ್ದರೆ ಎದುರಿಗೆ ತಂದಿಡಿ. ಕೈಲಾಗುವುದಾದರೆ ಏರಿ ಹತ್ತಿರಕ್ಕೆ ಗಾಡಿಯಲ್ಲಿ ಕರೆದುಕೊಂಡು ಹೋಗಿ, ಅಲ್ಲಿ ಕೂತರೆ ಮನೆಯಲ್ಲಿ ಬಾರದ್ದೆಲ್ಲ ಬಾಯಿಗೆ ಬರುತ್ತೆ. ನಡುವೆ ತಿದ್ದಬೇಡಿ. ಒಂದೇ ಕತೆ ಎರಡು ಸಲ ಬೇರೆ ಬೇರೆ ಥರ ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ. ಪಕ್ಕದ ಮನೆಯ ಮುದುಕಿ ಯಾರಾದರೂ ಇದ್ದರೆ ಅವರನ್ನೂ ಕರೆಯಿರಿ. "ಹಂಗಲ್ಲ ಕಣೆ" ಅಂತ ಅವರು ಶುರು ಮಾಡಿದರೆ ನಿಮ್ಮ ಕೆಲಸ ಸುಲಭ.

ಎರೆಹೊಲ

ಮತ್ತೆ ಫೋನ್ ಚಾರ್ಜರ್ ಜೊತೆ ಪವರ್ ಬ್ಯಾಂಕೂ ಒಯ್ಯಿರಿ. ನಮ್ಮ ಆಯಿ ಮಾತು ಶುರು ಮಾಡಿದಾಗಲೇ ಕರೆಂಟ್ ಹೋಗುತ್ತದೆ.